ಡ್ರೈಸೂಟ್ ಒಳಗೆ ಏನು ತೊಡಬೇಕು? ಪುಣೆ, ಮುಂಬೈ ಅಂಗಡಿಗಳಲ್ಲೇ ಕಡಿಮೆ ಖರ್ಚಿನಲ್ಲಿ ಬೆಚ್ಚನೆಯ ಬಟ್ಟೆ ಹೊಂದಿಸುವ ಬಗೆ

ಗೋವಾದ ಗ್ರ್ಯಾಂಡ್ ಐಲ್ಯಾಂಡ್ ಇರಲಿ, ಮುರುಡೇಶ್ವರದ ಹತ್ತಿರದ ನೇತ್ರಾಣಿ ಇರಲಿ, ಡೈವಿಂಗ್ ಸೀಸನ್ನಿನಲ್ಲಿ ನೀರು 27-29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. 3 ಮಿಲಿಮೀಟರಿನ ವೆಟ್‌ಸೂಟ್ ಹಾಕಿಕೊಂಡರೆ ಆಯಿತು, ಚಳಿಯ ಯೋಚನೆಯೇ ಬರುವುದಿಲ್ಲ. ಇಲ್ಲಿ ಕಲಿತವರು ಐಸ್‌ಲ್ಯಾಂಡಿನ ಸಿಲ್ಫ್ರಾಕ್ಕೋ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋಗೋ ಹೊರಟಾಗ ಮೊದಲ ಸಲ ಡ್ರೈಸೂಟ್, ಅಂದರೆ ಒಳಗೆ ನೀರೇ ಬರದ ಸೂಟ್, ತೊಡಬೇಕಾಗುತ್ತದೆ. ಆಗ ಏಳುವ ಮೊದಲ ಪ್ರಶ್ನೆ: ಒಳಗೆ ಏನು ಹಾಕೋದು?

ಫೋರ್ತ್ ಎಲಿಮೆಂಟ್, ಸ್ಯಾಂಟಿ ತರಹದ ಡೈವಿಂಗ್ ಕಂಪನಿಗಳು ಇದಕ್ಕೆಂದೇ ಅಂಡರ್‌ಸೂಟ್ ಮಾಡುತ್ತವೆ. ತುಂಬಾ ಒಳ್ಳೆಯ ಬಟ್ಟೆಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊರದೇಶದಿಂದ ತರಿಸಿದರೆ ಒಂದು ಜೊತೆಗೇ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ವರ್ಷಕ್ಕೊಂದು ಸಲ ತಣ್ಣೀರಿಗೆ ಇಳಿಯುವವರಿಗೆ ಅಷ್ಟು ಬೇಕಾಗಿಲ್ಲ. ಪುಣೆ, ಮುಂಬೈ ಅಂಗಡಿಗಳಲ್ಲಿ ಚಾರಣಿಗರಿಗೆ, ಹಿಮಾಲಯಕ್ಕೆ ಹೋಗುವವರಿಗೆ ಮಾರುವ ಬಟ್ಟೆಗಳಲ್ಲೇ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಅಂತ ಗೊತ್ತಿರಬೇಕು, ಅಷ್ಟೇ.

ಇದು ಬಟ್ಟೆಯ ಮಾರ್ಗದರ್ಶಿ. ಡ್ರೈಸೂಟಿನಲ್ಲಿ ಡೈವ್ ಮಾಡಲು ಬೇರೆಯೇ ತರಬೇತಿ ಬೇಕು, ಅದನ್ನು ಮುಗಿಸದೆ ಯಾರೂ ಇಳಿಯಬೇಡಿ.

ಬೆಚ್ಚಗಿಡುವುದು ಸೂಟ್ ಅಲ್ಲ, ಗಾಳಿ

ಡ್ರೈಸೂಟ್ ನೀರನ್ನು ಹೊರಗಿಡುತ್ತದೆ. ಹೆಚ್ಚಿನ ಸೂಟ್‌ಗಳ ಕೆಲಸ ಅಲ್ಲಿಗೇ ಮುಗಿಯಿತು. ತೆಳು ಪದರಗಳನ್ನು ಅಂಟಿಸಿ ಮಾಡಿದ ಟ್ರೈಲ್ಯಾಮಿನೇಟ್ ಸೂಟ್ ಒಂದು ಗಟ್ಟಿ ರೇನ್‌ಕೋಟಿನಷ್ಟೇ ದಪ್ಪ. ಅದರಿಂದ ಬೆಚ್ಚಗಾಗುತ್ತದೆ ಅಂತ ನಂಬಬೇಡಿ. ಸ್ಪಂಜಿನಂಥ ರಬ್ಬರಿನ ನಿಯೋಪ್ರೀನ್ ಡ್ರೈಸೂಟ್ ಸ್ವಲ್ಪ ಶಾಖ ಉಳಿಸುತ್ತದೆ, ಆದರೆ ಆಳಕ್ಕೆ ಹೋದಷ್ಟೂ ಅದರೊಳಗಿನ ಗುಳ್ಳೆಗಳು ಅಮುಕಿ ತೆಳುವಾಗುತ್ತವೆ.

ನಿಂತ ನೀರು ನಿಂತ ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಮೈಗೂ ಸೂಟಿಗೂ ನಡುವೆ ನಿಂತಿರುವ ಗಾಳಿಯೇ ನಿಮ್ಮನ್ನು ಕಾಯುವುದು. ಬಟ್ಟೆ ಇರುವುದು ಆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದಕ್ಕೆ. ಇದು ಮನಸ್ಸಿನಲ್ಲಿದ್ದರೆ ಅಂಗಡಿಯಲ್ಲಿ ಬ್ರ್ಯಾಂಡ್ ನೋಡಬೇಕಿಲ್ಲ, ಬೆಲೆಯನ್ನೂ ನೋಡಬೇಕಿಲ್ಲ. ಕೈಗೆ ಸಿಕ್ಕ ಪ್ರತಿ ಬಟ್ಟೆಗೂ ಎರಡು ಪ್ರಶ್ನೆ ಕೇಳಿ. ಅಮುಕಿದರೂ ಇದರಲ್ಲಿ ಗಾಳಿ ಉಳಿಯುತ್ತಾ? ಒದ್ದೆಯಾದರೂ ಉಳಿಯುತ್ತಾ?

ಅಮುಕುವ ಮಾತು ಯಾಕೆ ಬಂತು ಅಂದರೆ, ನೀರು ಸೂಟನ್ನು ಎಲ್ಲ ಕಡೆಯಿಂದ ಒತ್ತುತ್ತದೆ. 10 ಮೀಟರ್ ಆಳಕ್ಕೆ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಒಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಅದನ್ನು ಸರಿತೂಗಿಸಲು ಸಿಲಿಂಡರಿನಿಂದ ಸೂಟಿಗೆ ಗಾಳಿ ಬಿಟ್ಟುಕೊಳ್ಳುತ್ತೇವೆ. ಆದರೂ ಒತ್ತಡ ಮೈಯ ಎಲ್ಲ ಕಡೆ ಸಮನಾಗಿರುವುದಿಲ್ಲ. ನೀರಿನಲ್ಲಿ ನೆಟ್ಟಗೆ ನಿಂತರೆ ಗಾಳಿ ಭುಜದ ಕಡೆ ಏರುತ್ತದೆ, ಕಾಲಿನ ಬಟ್ಟೆ ಮೀನಖಂಡಕ್ಕೆ ಹಿಂಡಿಕೊಂಡು ಅಂಟುತ್ತದೆ. ಎದೆ ಬೆಚ್ಚಗಿದ್ದರೂ ಕಾಲು ಮರಗಟ್ಟಲು ಇದೊಂದು ದೊಡ್ಡ ಕಾರಣ.

ಮೊದಲು ಕೇಳಿ, ಆಮೇಲೆ ಕೊಳ್ಳಿ

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಡೈವ್ ಕರೆದುಕೊಂಡು ಹೋಗುವವರಿಗೆ ಈಮೇಲ್ ಬರೆಯಿರಿ. ಆ ತಿಂಗಳು ನೀರು ಎಷ್ಟು ಡಿಗ್ರಿ ಇರುತ್ತದೆ, ನೀರೊಳಗೆ ಎಷ್ಟು ಹೊತ್ತು, ಸೂಟ್ ಟ್ರೈಲ್ಯಾಮಿನೇಟ್ ಆಗಿರುತ್ತೋ ನಿಯೋಪ್ರೀನೋ, ಬಾಡಿಗೆಯಲ್ಲಿ ಅಂಡರ್‌ಸೂಟ್ ಸೇರಿದೆಯೋ, ಕಾಲಿಗೆ ಬೂಟ್ ಯಾವ ಅಳತೆಯದು. ಇಷ್ಟು ಗೊತ್ತಾದರೆ ಪಟ್ಟಿ ತಾನಾಗೇ ಚಿಕ್ಕದಾಗುತ್ತದೆ.

ಸಿಲ್ಫ್ರಾ ಇರುವುದು ಥಿಂಗ್‌ವೆಟ್ಲಿರ್ ರಾಷ್ಟ್ರೀಯ ಉದ್ಯಾನದಲ್ಲಿ. ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳು ಬೇರೆಯಾಗುತ್ತಿರುವ ಜಾಗದ ಬಿರುಕು ಅದು. ಹಿಮನದಿಯ ನೀರು ಲಾವಾ ಕಲ್ಲಿನಲ್ಲಿ ಸೋಸಿ ಬರುವುದರಿಂದ ವರ್ಷಪೂರ್ತಿ 2ರಿಂದ 4 ಡಿಗ್ರಿ. ಅಲ್ಲಿ ಸ್ನಾರ್ಕೆಲಿಂಗ್ ಮಾಡುವವರಿಗೂ ಡ್ರೈಸೂಟ್ ಕೊಡುವುದು ಮಾಮೂಲು. ಡೈವಿಂಗ್ ಗೊತ್ತಿಲ್ಲದೆ ಬರೀ ಸ್ನಾರ್ಕೆಲ್ ಮಾಡಲು ಹೋಗುವ ನಮ್ಮ ಕುಟುಂಬಗಳಿಗೂ ಈ ಲೇಖನ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಹೆಚ್ಚಿನವರು ಸೂಟಿನ ಜೊತೆ ದಪ್ಪ ಅಂಡರ್‌ಸೂಟನ್ನೂ ಕೊಟ್ಟು, ಮೈಗೆ ತಾಗುವ ಉದ್ದನೆಯ ಒಳಬಟ್ಟೆ ಮತ್ತು ಉಣ್ಣೆಯ ಕಾಲುಚೀಲ ಮಾತ್ರ ನೀವೇ ತನ್ನಿ ಅನ್ನುತ್ತಾರೆ. ಹಾಗಿದ್ದರೆ ಫ್ಲೀಸಿಗೆ (ಚಾರಣಿಗರು ಹಾಕುವ ಮೆತ್ತನೆಯ, ನವಿರು ಜೂಲಿನ ಪಾಲಿಯೆಸ್ಟರ್ ಬಟ್ಟೆ) ದುಡ್ಡು ಹಾಕುವ ಅಗತ್ಯವೇ ಇಲ್ಲ. ಆ ಹಣದಲ್ಲಿ ಮೈಗೆ ತಾಗುವ ಒಳ್ಳೆಯ ಮೆರಿನೊ ಉಣ್ಣೆಯ ಇನ್ನರ್ ಕೊಳ್ಳಬಹುದು.

ಸ್ಕಾಪಾ ಫ್ಲೋ ಕತೆ ಬೇರೆ. 1919ರ ಜೂನ್ 21ರಂದು ಜರ್ಮನಿಯ ನೌಕಾಪಡೆ ತನ್ನದೇ ಹಡಗುಗಳನ್ನು ಮುಳುಗಿಸಿದ ಜಾಗ ಅದು. ಮೂರು ಯುದ್ಧನೌಕೆ, ನಾಲ್ಕು ಕ್ರೂಸರ್ ಇವತ್ತಿಗೂ ತಳದಲ್ಲಿವೆ. ಬೇಸಿಗೆಯ ಕೊನೆಯಲ್ಲೂ ನೀರು 13-14 ಡಿಗ್ರಿ ದಾಟುವುದು ಕಷ್ಟ. ದಿನಕ್ಕೆ ಎರಡು ಡೈವ್, ಹೀಗೆ ಕೆಲವು ದಿನ ಇಳಿಯುತ್ತೀರಿ. ಅಲ್ಲಿಗೆ ಹೋಗುವವರಿಗೆ ಎಲ್ಲ ಪದರಗಳೂ ಸ್ವಂತದ್ದಿರಬೇಕು, ಇನ್ನರ್ ಎರಡು ಜೊತೆ ಇರಬೇಕು.

ಅಂದಾಜಿಗೆ ಹೀಗೆ ಲೆಕ್ಕ ಹಾಕಿ. 12-15 ಡಿಗ್ರಿಗೆ ಒಂದು ಇನ್ನರ್, ಮೇಲೊಂದು ಮಧ್ಯಮ ದಪ್ಪದ ಫ್ಲೀಸ್. 8-12ಕ್ಕೆ ಇನ್ನರ್, ದಪ್ಪ ಫ್ಲೀಸ್, ಎದೆಗೊಂದು ತೋಳಿಲ್ಲದ ವೆಸ್ಟ್. ಅದಕ್ಕಿಂತ ಕೆಳಗಾದರೆ ಅಂಗಡಿಯ ಫ್ಲೀಸಿನ ಮೇಲೆ ಭಾರ ಹಾಕದೆ, ಬಾಡಿಗೆಗಾದರೂ ಸರಿ, ಥಿನ್ಸುಲೇಟ್ ಅನ್ನುವ ನಾರು ತುಂಬಿದ ಡೈವಿಂಗ್ ಅಂಡರ್‌ಸೂಟ್ ತೆಗೆದುಕೊಳ್ಳಿ. ತೆಳ್ಳಗಿರುವವರು, ಬೇಗ ಚಳಿ ಹಿಡಿಯುವವರು ಒಂದು ಮೆಟ್ಟಿಲು ಮೇಲೆ ಹೋಗಿ. ಮೊದಲ ಹತ್ತು ನಿಮಿಷದ ಚಳಿ ನೋಡಿ ಬಟ್ಟೆ ಆರಿಸಬೇಡಿ, ಕೊನೆಯ ಹತ್ತು ನಿಮಿಷಕ್ಕೆ ಆರಿಸಿ. ಅಮೆರಿಕದ ನೌಕಾಪಡೆಯ ಡೈವಿಂಗ್ ಪ್ರಯೋಗ ಘಟಕ 2007ರಲ್ಲಿ ಹೊರತಂದ ಅಧ್ಯಯನ ಇದನ್ನೇ ಬೇರೆ ಕಡೆಯಿಂದ ಹೇಳುತ್ತದೆ. ತಳದಲ್ಲಿ ಬೆಚ್ಚಗಿದ್ದು, ಮೇಲೆ ಬರುತ್ತಾ ನಿಲ್ಲುವ ಹೊತ್ತಿನಲ್ಲಿ ತಣ್ಣಗಾದವರಿಗೆ ಡಿಕಂಪ್ರೆಷನ್ ಕಾಯಿಲೆಯ (ಒತ್ತಡ ಇಳಿದಾಗ ಮೈಯೊಳಗೆ ಗಾಳಿಗುಳ್ಳೆ ಏಳುವ ತೊಂದರೆ) ಅಪಾಯ ತುಂಬಾ ಜಾಸ್ತಿ. ಅಂದರೆ ಚಳಿ ಬರೀ ಸುಖದ ಪ್ರಶ್ನೆ ಅಲ್ಲ.

ಮೈಗೆ ತಾಗುವ ಪದರ

ಇದರ ಕೆಲಸ ಬೆವರನ್ನು ಚರ್ಮದಿಂದ ಆಚೆ ದಾಟಿಸುವುದು. ಸೂಟಿನೊಳಗಿಂದ ಬೆವರು ಹೊರಹೋಗಲು ದಾರಿಯಿಲ್ಲ. ದೋಣಿಯ ಮೇಲೆ ಸೂಟ್ ತೊಟ್ಟು ಕೂತಾಗಲೇ ಬೆವರುತ್ತೀರಿ, ನೀರಿಗಿಳಿದ ಮೇಲೆ ಆ ಬೆವರು ತಣ್ಣಗಾಗಿ ಮೈಗೆ ಅಂಟುತ್ತದೆ.

ಹಾಗಾಗಿ ಹತ್ತಿ ಬೇಡ. ಹತ್ತಿ ಬನಿಯನ್, ಹತ್ತಿ ಲೆಗ್ಗಿಂಗ್ಸ್, ಹತ್ತಿ ಒಳಚಡ್ಡಿ ಯಾವುದೂ ಬೇಡ. ನಮ್ಮ ಊರುಗಳಲ್ಲಿ ಚಳಿಗಾಲಕ್ಕೆ ಮಾರುವ ಥರ್ಮಲ್ ಇನ್ನರ್‌ಗಳಲ್ಲಿ ಎಷ್ಟೋ ಹತ್ತಿ ಬೆರೆತವು. ಮುಟ್ಟಿದರೆ ಮೆತ್ತಗಿರುತ್ತವೆ, ದೆಹಲಿಯ ಚಳಿಗೆ ಚೆನ್ನಾಗಿಯೂ ಇರುತ್ತವೆ. ಆದರೆ ಒದ್ದೆಯಾದ ಹತ್ತಿಯಲ್ಲಿ ಗಾಳಿ ನಿಲ್ಲುವುದಿಲ್ಲ, ನೀರು ನಿಲ್ಲುತ್ತದೆ. ಸೊಂಟದ ಪಟ್ಟಿಯ ಒಳಗಡೆ ಹೊಲಿದ ಚಿಕ್ಕ ಲೇಬಲ್ ತಿರುಗಿಸಿ ಓದಿ. ಡಬ್ಬಿಯ ಮೇಲಿನ ದೊಡ್ಡ ಅಕ್ಷರ ನಂಬಬೇಡಿ.

ಕಡಿಮೆ ದುಡ್ಡಿಗೆ ಪಾಲಿಯೆಸ್ಟರಿನದ್ದು ಸಾಕು. ಡೆಕಾಥ್ಲಾನ್‌ನಲ್ಲಿ ಸ್ಕೀಯಿಂಗ್‌ಗೆ, ಚಾರಣಕ್ಕೆ ಅಂತ ಇಟ್ಟಿರುವ ಇನ್ನರ್ ಮೇಲಂಗಿ, ಪ್ಯಾಂಟ್ ಎರಡೂ ಸೇರಿ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಹೊಂದಿಸಬಹುದು. ಬೇಗ ಒಣಗುತ್ತದೆ. ಒಂದೇ ತೊಂದರೆ, ಎರಡು ಡೈವ್ ಆಗುವಷ್ಟರಲ್ಲಿ ವಾಸನೆ ಹಿಡಿಯುತ್ತದೆ.

ಸ್ವಲ್ಪ ಜಾಸ್ತಿ ಹಾಕಬಲ್ಲಿರಾದರೆ, ಈ ಪದರದಲ್ಲೇ ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಮೆರಿನೊ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವವನ್ನು ಹೀರಿಕೊಂಡರೂ ಚರ್ಮಕ್ಕೆ ಒದ್ದೆ ಅನಿಸುವುದಿಲ್ಲ. ಎಳೆ ಸಣ್ಣಗಿರುವುದರಿಂದ ಕಚ್ಚುವುದಿಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆಯೂ ಒದ್ದೆಯಾದರೂ ಶಾಖ ಬಿಟ್ಟುಕೊಡುವುದಿಲ್ಲ, ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಕುರಿ ಕಾಯುವವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಅದರ ಎಳೆ ಒರಟು, ಬರಿಮೈಗೆ ಆಗದು. ಮೆರಿನೊ ಒಂದೊಂದು ಬಟ್ಟೆಗೆ ಎರಡೂವರೆಯಿಂದ ನಾಲ್ಕು ಸಾವಿರ ಅಂತ ಇಟ್ಟುಕೊಳ್ಳಿ. ಎರಡೂ ಕೊಳ್ಳಲು ಆಗದಿದ್ದರೆ ಮೇಲಂಗಿ ಮಾತ್ರ ಮೆರಿನೊ ತಗೊಂಡು, ಪ್ಯಾಂಟ್ ಪಾಲಿಯೆಸ್ಟರಿನದ್ದು ತಗೊಳ್ಳಿ.

ಮೈಗೆ ಹತ್ತಿಕೊಂಡು ಕೂರಬೇಕು, ಬಿಗಿಯಬಾರದು. ಮೇಲಂಗಿ ಪೃಷ್ಠದವರೆಗೆ ಉದ್ದ ಇರಬೇಕು. ಬಗ್ಗಿದಾಗ ಸೊಂಟದ ಹಿಂದೆ ಬಟ್ಟೆ ಮೇಲೆ ಸರಿದು ಬರಿಮೈ ಕಂಡರೆ, ನೀರೊಳಗೆ ಚಳಿ ಶುರುವಾಗುವುದು ಅಲ್ಲಿಂದಲೇ.

ನಡುವಿನ ಪದರ: ಇಲ್ಲೇ ನಿಧಾನಿಸಿ

ಗಾಳಿ ಹಿಡಿದಿಡುವ ಮುಖ್ಯ ಕೆಲಸ ಇದರದ್ದು. ಆಯ್ಕೆ ತಪ್ಪುವುದೂ ಇಲ್ಲೇ ಹೆಚ್ಚು, ಯಾಕೆಂದರೆ ನಮಗೆ ದಪ್ಪ ಕಂಡರೆ ಬೆಚ್ಚಗಿರುತ್ತದೆ ಅನಿಸುತ್ತದೆ.

ಹೋದ ಚಳಿಗಾಲದಲ್ಲಿ ಅಣ್ಣನ ಮಗಳ ಜೊತೆ ಪುಣೆಯಲ್ಲಿ ಟಿಬೆಟನ್ನರ ಸ್ವೆಟರ್ ಮಳಿಗೆಗೆ ಹೋಗಿದ್ದೆ. ಅವಳು ಐಸ್‌ಲ್ಯಾಂಡಿಗೆ ಹೊರಟಿದ್ದಳು. ದಪ್ಪ ಹೆಣಿಗೆಯ ಅಕ್ರಿಲಿಕ್ ಸ್ವೆಟರ್ ಎತ್ತಿಕೊಂಡು, "ಅತ್ತೆ, ಎಷ್ಟು ದಪ್ಪ ಇದೆ ನೋಡಿ, ಇದೇ ಸಾಕಲ್ವಾ?" ಅಂದಳು. ಮಳಿಗೆಯ ಹಲಗೆಯ ಮೇಲೆ ಆ ಸ್ವೆಟರ್ ಹಾಸಿದೆವು, ಪಕ್ಕದಲ್ಲಿ ಒಂದು ಸಾದಾ ಫ್ಲೀಸ್ ಜಾಕೆಟ್ ಹಾಸಿದೆವು. ಎರಡರ ಮೇಲೂ ಒಂದೊಂದು ಲೀಟರಿನ ತುಂಬಿದ ನೀರಿನ ಬಾಟ್ಲಿ ನಿಲ್ಲಿಸಿ, ಬಗ್ಗಿ ಕಣ್ಣಿನ ಮಟ್ಟದಲ್ಲಿ ಪಕ್ಕದಿಂದ ನೋಡಲು ಹೇಳಿದೆ. ಸ್ವೆಟರಿನ ಹೆಣಿಗೆಯ ತೂತುಗಳು ಹರಡಿಕೊಂಡು ಬಾಟ್ಲಿಯ ಅಡಿ ಹಲಗೆಯ ಹತ್ತಿರಕ್ಕೆ ಇಳಿದಿತ್ತು. ಫ್ಲೀಸ್ ಸ್ವಲ್ಪ ಕುಸಿದು ಅಲ್ಲೇ ನಿಂತಿತ್ತು. ಬಾಟ್ಲಿ ತೆಗೆದಾಗ ಫ್ಲೀಸಿನ ಮೇಲಿನ ಉರುಟು ಗುರುತು ನೋಡುತ್ತಿದ್ದಂತೆ ಮಾಯವಾಯಿತು. ಸ್ವೆಟರಿನ ಮೇಲಿನದ್ದು ಹಾಗೇ ಉಳಿಯಿತು. ಅವಳು ಮತ್ತೆ ಏನೂ ಕೇಳದೆ ಫ್ಲೀಸ್ ಮಡಚಿಕೊಂಡಳು.

ಈ ಪರೀಕ್ಷೆ ಸುಮ್ನೆ ಆಟ ಅಲ್ಲ. ಬಾಟ್ಲಿಯ ಅಡಿಯಲ್ಲಿ ಬೀಳುವ ಒತ್ತಡ ಸುಮಾರು 20 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ. ನೆಟ್ಟಗೆ ನಿಂತ ಡೈವರ್‌ನ ಮೊಣಕಾಲಿನ ಕೆಳಗೆ ಇದಕ್ಕಿಂತ ಜಾಸ್ತಿಯೇ ಬೀಳುತ್ತದೆ. ಬಾಟ್ಲಿಯನ್ನೇ ತಡೆಯದ ಬಟ್ಟೆ ಅಲ್ಲಿ ತಡೆಯುತ್ತಾ?

ಫ್ಲೀಸ್ ಕೊಳ್ಳುವಾಗ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ನೋಡಿ. 100 ತೆಳು, 200 ಮಧ್ಯಮ, 300 ದಪ್ಪ. ನಮ್ಮ ಕೆಲಸಕ್ಕೆ 200 ಒಳ್ಳೆಯ ನಡುವಿನ ದಾರಿ. ಬೇಕಾದರೆ 100ರದ್ದೊಂದು, 200ರದ್ದೊಂದು ಒಂದರ ಮೇಲೊಂದು ಹಾಕಬಹುದು. 300ರ ಒಂದೇ ದಪ್ಪ ಜಾಕೆಟ್‌ಗಿಂತ ಅದು ಅನುಕೂಲ, ನೀರು ಸ್ವಲ್ಪ ಬೆಚ್ಚಗಿದ್ದ ದಿನ ಒಂದನ್ನು ತೆಗೆದಿಡಬಹುದು. ಎಲ್ಲ ಲೇಬಲ್‌ಗಳಲ್ಲೂ ಈ ಅಂಕಿ ಇರುವುದಿಲ್ಲ. ಇಲ್ಲದಿದ್ದರೆ ನೀರಿನ ಬಾಟ್ಲಿ ಇದ್ದೇ ಇದೆ.

ಪುಣೆ ಚಾರಣಿಗರ ಊರು. ಸಿಂಹಗಡ ಹತ್ತುವವರು, ಹಿಮಾಲಯಕ್ಕೆ ಹೋಗಿಬಂದವರು ಪ್ರತಿ ಸೊಸೈಟಿಯಲ್ಲೂ ಸಿಗುತ್ತಾರೆ. ಕನ್ನಡ ಸಂಘದ ವಾಟ್ಸ್‌ಆಪ್ ಗುಂಪಿನಲ್ಲಿ ಒಂದು ಮಾತು ಹಾಕಿದರೆ ಬೀರುವಿನಲ್ಲಿ ಸುಮ್ಮನೆ ಮಲಗಿರುವ ಫ್ಲೀಸ್ ಒಂದೆರಡಾದರೂ ಹೊರಬರುತ್ತವೆ. ಎರವಲು ತರಲು ಏನೂ ಸಂಕೋಚ ಬೇಡ. ಹಳೆಯದಾಗಿ ಗಂಟುಗಟ್ಟಿ, ಬೆಳಕಿಗೆ ಹಿಡಿದರೆ ಪಾರಾಗಿ ಕಾಣುವಂತಿದ್ದರೆ ಮಾತ್ರ ಬಿಡಿ. ಅದರಲ್ಲಿ ಗಾಳಿ ಹಿಡಿಯುವ ಶಕ್ತಿ ಮುಗಿದಿರುತ್ತದೆ.

ಮೇಲೆ ಎರಡು ಜಾಕೆಟ್, ಕಾಲಿಗೆ ಒಂದು ತೆಳು ಪೈಜಾಮ ಅನ್ನುವ ಲೆಕ್ಕ ಇಟ್ಟುಕೊಳ್ಳಲೇಬೇಡಿ. ಹಿಂಡುವುದು ಕಾಲನ್ನೇ ಅಂತ ಆಗಲೇ ನೋಡಿದೆವಲ್ಲ. ಫ್ಲೀಸ್ ಪ್ಯಾಂಟ್ ಇಲ್ಲಿ ಹುಡುಕಬೇಕಾಗುತ್ತದೆ, ಜಾಕೆಟ್‌ನಷ್ಟು ಸುಲಭಕ್ಕೆ ಸಿಗದು. ಸಿಗದಿದ್ದರೆ ಫ್ಲೀಸ್ ಬಟ್ಟೆಯನ್ನೇ ಮೀಟರ್ ಲೆಕ್ಕದಲ್ಲಿ ತಂದು ಟೇಲರ್ ಹತ್ತಿರ ಹೊಲಿಸಿ. ಮುಂಬೈಯವರು ಮಂಗಲದಾಸ್ ಮಾರ್ಕೆಟ್‌ನಲ್ಲಿ ವಿಚಾರಿಸಬಹುದು. ಎದೆಯವರೆಗೆ ಬರುವ, ಭುಜಕ್ಕೆ ಪಟ್ಟಿ ಇರುವ ಪ್ಯಾಂಟ್ ಹೊಲಿಸಿದರೆ ಇನ್ನೂ ಒಳ್ಳೆಯದು. ಸೊಂಟದ ಹಿಂದೆ ಎರಡು ಪದರ ಬೀಳುತ್ತದೆ, ಬರಿಮೈ ಕಾಣುವ ಭಯ ಇರುವುದಿಲ್ಲ. ಇಲಾಸ್ಟಿಕ್ ಅಗಲದ್ದು, ಸಡಿಲದ್ದು ಹಾಕಲು ಹೇಳಿ.

ಥಿನ್ಸುಲೇಟ್ ಬಗ್ಗೆ ಒಂದು ಮಾತು. 3ಎಂ ಕಂಪನಿಯ ಈ ನಾರು ತುಂಬಾ ಸಣ್ಣ ಎಳೆಯದು, ಅದೇ ದಪ್ಪದ ಸಾಮಾನ್ಯ ನಾರಿಗಿಂತ ಜಾಸ್ತಿ ಗಾಳಿ ಹಿಡಿಯುತ್ತದೆ, ನೀರು ಹೀರುವುದು ತೀರಾ ಕಡಿಮೆ. ಡೈವಿಂಗ್ ಅಂಡರ್‌ಸೂಟ್‌ಗಳಲ್ಲಿ ಅದಕ್ಕೆ ಅಷ್ಟು ಬೆಲೆ. ಡೈವ್ ಮಾಡುವ ಪರಿಚಯದವರಿಂದ ಹಳೆಯದು ಸಿಕ್ಕರೆ ಬಿಡಬೇಡಿ.

ಇವು ಬೇಡವೇ ಬೇಡ

ಗರಿ ತುಂಬಿದ ಡೌನ್ ಜಾಕೆಟ್. ಲಡಾಖ್‌ನಲ್ಲಿ ಇದಕ್ಕಿಂತ ಬೆಚ್ಚಗಿನದು ಸಿಗಲಿಕ್ಕಿಲ್ಲ, ಆದರೆ ನಮ್ಮ ಎರಡೂ ಪ್ರಶ್ನೆಗಳಲ್ಲಿ ಸೋಲುತ್ತದೆ. ಅಮುಕಿದರೆ ಕಾಗದದಷ್ಟು ತೆಳುವಾಗುತ್ತದೆ, ಒದ್ದೆಯಾದರೆ ಮುದ್ದೆಯಾಗುತ್ತದೆ. ಡೈವ್ ಮುಗಿಸಿ ದೋಣಿಯ ಮೇಲೆ ಹೊದೆಯಲು ಇಟ್ಟುಕೊಳ್ಳಿ.

ವಿಂಡ್‌ಚೀಟರ್, ಗಾಳಿ ದಾಟದ ಅಸ್ತರಿರುವ ಜಾಕೆಟ್. ಸೂಟಿನೊಳಗೆ ಬೀಸುವ ಗಾಳಿ ಇಲ್ಲ, ಹಾಗಾಗಿ ಇದರಿಂದ ಲಾಭ ಇಲ್ಲ. ಅಪಾಯ ಇದೆ. ಮೇಲೆ ಬರುವಾಗ ಸೂಟಿನೊಳಗಿನ ಗಾಳಿ ಹಿಗ್ಗುತ್ತದೆ, ಅದು ತೋಳಿನ ವಾಲ್ವಿನಿಂದ ಹೊರಹೋಗಬೇಕು. ನಡುವೆ ಗಾಳಿ ದಾಟದ ಪದರವಿದ್ದರೆ ಒಳಗಿನ ಗಾಳಿ ವಾಲ್ವ್ ತಲುಪುವುದು ತಡವಾಗುತ್ತದೆ. ಬೇಗ ಹೊರಹೋಗದ ಗಾಳಿ ನಿಮ್ಮನ್ನು ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ.

ಆನ್‌ಲೈನ್‌ನಲ್ಲಿ ಬೈಕ್ ಸವಾರರಿಗೆ ಮಾರುವ ಬ್ಯಾಟರಿ ಹೀಟರ್ ವೆಸ್ಟ್. ಬೆಲೆ ನೋಡಿ ಆಸೆ ಆಗುತ್ತದೆ, ನನಗೆ ಗೊತ್ತು. ದಯವಿಟ್ಟು ಬೇಡ. ಲಿಥಿಯಂ ಬ್ಯಾಟರಿ ಮೈಗೆ ಹತ್ತಿಕೊಂಡಿರುತ್ತದೆ, ಸೂಟಿಗೆ ನೀರು ನುಗ್ಗಿ ಅದು ಕೆಟ್ಟರೆ 20 ಮೀಟರ್ ಕೆಳಗೆ ಬಿಚ್ಚಿ ಎಸೆಯಲು ಆಗುವುದಿಲ್ಲ. ಡೈವಿಂಗ್‌ಗೆಂದೇ ಮಾಡಿದ ಹೀಟರ್‌ಗಳು ಬೇರೆ, ಅವುಗಳ ಬೆಲೆಯೂ ಬೇರೆ. ಅಲ್ಲಾಡಿಸಿದರೆ ಬಿಸಿಯಾಗುವ ಕೈ ಬೆಚ್ಚಗಿಡುವ ಪೊಟ್ಟಣಗಳೂ ಬೇಡ. ಅವು ಆಮ್ಲಜನಕ ಬಳಸಿ ಬಿಸಿಯಾಗುವಂಥವು. ಒತ್ತಡ ಏರಿದ ಗಾಳಿಯಲ್ಲಿ ಆಮ್ಲಜನಕ ಜಾಸ್ತಿ ಸಿಕ್ಕಿ ಚರ್ಮ ಸುಡುವಷ್ಟು ಕಾಯಬಹುದು.

ಕಾಲು, ಕೈ, ತಲೆ

ಕಾಲುಚೀಲ ಒಂದೇ ಜೊತೆ ಇರಲಿ, ದಪ್ಪ ಉಣ್ಣೆಯದು. ಎರಡು ಮೂರು ಜೊತೆ ತುರುಕಿದರೆ ಬೂಟಿನಲ್ಲಿ ಬೆರಳು ಅಲುಗಾಡುವುದಿಲ್ಲ, ರಕ್ತ ಓಡಾಡುವುದಿಲ್ಲ, ಇನ್ನೂ ತಣ್ಣಗಾಗುತ್ತದೆ. ಬೆರಳು ಆಡಿಸಲು ಬರಬೇಕು, ಅದೇ ಅಳತೆ. ಬೂಟಿನ ಅಳತೆ ಕೇಳುವಾಗ ದಪ್ಪ ಕಾಲುಚೀಲ ಹಾಕುತ್ತೇನೆ ಅಂತ ಮೊದಲೇ ತಿಳಿಸಿ.

ಡ್ರೈ ಗ್ಲೌಸ್ ಕೊಡುತ್ತಾರಾದರೆ ಒಳಗೆ ತೆಳು ಉಣ್ಣೆಯ ಕೈಗವಸು ಹಾಕಿ, ನೂರಿನ್ನೂರು ರೂಪಾಯಿಯದ್ದೂ ನಡೆಯುತ್ತದೆ. ನೀರು ಒಳಬರುವ ನಿಯೋಪ್ರೀನ್ ಗ್ಲೌಸ್ ಆದರೆ ಒಳಗೆ ಏನೂ ಬೇಡ. ತಲೆಗೆ ಅವರೇ ನಿಯೋಪ್ರೀನ್ ಹುಡ್ ಕೊಡುತ್ತಾರೆ. ಅದರೊಳಗೆ ಮಂಕಿ ಕ್ಯಾಪ್ ತುರುಕಬೇಡಿ, ಮುಖದ ಸುತ್ತ ಹುಡ್ ಸರಿಯಾಗಿ ಕೂರುವುದಿಲ್ಲ.

ಸೀಲ್, ವಾಲ್ವ್, ಜಿಪ್

ಒಳ್ಳೆಯ ಬಟ್ಟೆ ಕೊಂಡವರೂ ಎಡವುವ ಜಾಗ ಇದು. ಡ್ರೈಸೂಟಿನ ಕತ್ತಿಗೆ, ಮಣಿಕಟ್ಟಿಗೆ ರಬ್ಬರಿನ ಅಥವಾ ನಿಯೋಪ್ರೀನಿನ ಸೀಲ್ ಇರುತ್ತದೆ. ಅದು ಬರಿ ಚರ್ಮಕ್ಕೆ ಅಂಟಿದರೆ ಮಾತ್ರ ನೀರು ನಿಲ್ಲುತ್ತದೆ. ಇನ್ನರಿನ ತೋಳಿನ ಅಂಚು ಒಂದು ನೂಲಿನಷ್ಟು ಸೀಲಿನ ಕೆಳಗೆ ಸಿಕ್ಕಿಕೊಂಡರೂ, ಬಟ್ಟೆ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರನ್ನು ಒಳಗೆಳೆಯುತ್ತದೆ. ಅರ್ಧ ಗಂಟೆಯಲ್ಲಿ ಮೊಣಕೈವರೆಗೆ ಒದ್ದೆ.

ಆದ್ದರಿಂದ ಕತ್ತು ಮುಚ್ಚುವ ಟರ್ಟಲ್‌ನೆಕ್ ಬೇಡ, ದುಂಡು ಕತ್ತಿನದು ಸಾಕು. ಹೆಬ್ಬೆರಳು ತೂರಿಸುವ ತೂತಿರುವ ತೋಳಾದರೆ ಸೂಟ್ ತೊಡುವಾಗ ಉಪಯೋಗವಿದೆ, ತೋಳು ಮೇಲೆ ಸರಿಯುವುದಿಲ್ಲ. ಆದರೆ ತೊಟ್ಟ ಮೇಲೆ ಅದನ್ನು ಬಿಡಿಸಿ ಸೀಲಿನಿಂದ ಹಿಂದಕ್ಕೆ ತಳ್ಳಬೇಕು. ಮೊದಲ ಸಲ ತೊಡುವವರು ಜೊತೆಗಾರರಿಂದ ಎರಡೂ ಮಣಿಕಟ್ಟು, ಕತ್ತಿನ ಸುತ್ತ ಬೆರಳಾಡಿಸಿ ನೋಡಿಸಿಕೊಳ್ಳಿ.

ಗಾಳಿ ಬಿಡುವ ವಾಲ್ವ್ ಸಾಮಾನ್ಯವಾಗಿ ಎಡತೋಳಿನ ಮೇಲ್ಭಾಗದಲ್ಲಿರುತ್ತದೆ, ಒಳಗೆ ಎಳೆದುಕೊಳ್ಳುವುದು ಎದೆಯ ಮೇಲೆ. ಆ ಎರಡೂ ಜಾಗದಲ್ಲಿ ಉದ್ದ ರೋಮದ, ಕುರಿತುಪ್ಪಳದಂಥ ಶೆರ್ಪಾ ಬಟ್ಟೆ ಬರಬಾರದು. ಎಳೆಗಳು ವಾಲ್ವಿಗೆ ಎಳೆದುಕೊಂಡು ಗಾಳಿ ಹೊರಹೋಗದಂತೆ ಮಾಡಬಹುದು, ಅಥವಾ ವಾಲ್ವ್ ಪೂರ್ತಿ ಮುಚ್ಚದೆ ನೀರು ಒಳಬರಬಹುದು. ಹೊರಮೈ ನುಣುಪಾಗಿರುವ ಫ್ಲೀಸ್ ಇದಕ್ಕೆ ವಾಸಿ, ಸೂಟಿನೊಳಗೆ ತೋಳು ಜಾರಿಸುವುದೂ ಸುಲಭ.

ಕೊಂಡ ಬಟ್ಟೆಯನ್ನು ಮನೆ ಹತ್ತಿರದ ಆಲ್ಟರೇಷನ್ ಟೇಲರ್‌ಗೆ ಒಂದು ಸಲ ತೋರಿಸಿ. ಟೋಪಿ ಇದ್ದರೆ ಕತ್ತರಿಸಿಸಿ. ಕಬ್ಬಿಣದ ಜಿಪ್ ಇದ್ದರೆ ಪ್ಲಾಸ್ಟಿಕ್ಕಿನದು ಹಾಕಿಸಿ, ಲೋಹದ ಗುಂಡಿ, ಹುಕ್ ತೆಗೆಸಿ. ಚೂಪಾದದ್ದು ಏನೇ ಇದ್ದರೂ ಬಾಡಿಗೆ ಸೂಟಿಗೆ ತೂತು ಬಿದ್ದರೆ ದಂಡ ನಿಮ್ಮದೇ. ಜೇಬುಗಳನ್ನು ಹೊಲಿಸಿಬಿಡಿ. ಇನ್ನೂರು ಮುನ್ನೂರು ರೂಪಾಯಿಯ ಕೆಲಸ.

ಹಾಲ್‌ನಲ್ಲಿ ತೊಟ್ಟು ನೋಡುವುದು

ಪುಣೆಯಲ್ಲಿ 4 ಡಿಗ್ರಿ ನೀರು ಎಲ್ಲಿ ತರೋದು? ಚಳಿಯ ಪರೀಕ್ಷೆ ಇಲ್ಲಿ ಆಗದು. ಅಳತೆಯ ಪರೀಕ್ಷೆ ಖಂಡಿತ ಆಗುತ್ತದೆ. ಎಲ್ಲ ಪದರ ಹಾಕಿಕೊಂಡು, ಮೇಲೆ ಮನೆಯಲ್ಲಿರುವ ಒಂದು ಸಡಿಲ ರೇನ್‌ಕೋಟ್, ಪ್ಯಾಂಟ್ ತೊಡಿ. ಪೂರ್ತಿ ಕುಕ್ಕರುಗಾಲಲ್ಲಿ ಕೂತು ಏಳಿ. ಎರಡೂ ಕೈ ತಲೆಯ ಹಿಂದೆ ಒಯ್ದು ಕತ್ತಿನ ಕೆಳಗೆ ಬೆನ್ನು ಮುಟ್ಟಿ. ಸಿಲಿಂಡರಿನ ವಾಲ್ವ್ ಇರುವುದು ಅಲ್ಲೇ, ನೀರೊಳಗೆ ಅಲ್ಲಿಗೆ ಕೈ ಹೋಗಲೇಬೇಕು. ಬಲಗೈಯಿಂದ ಎಡತೋಳಿನ ಮೇಲ್ಭಾಗ ಮುಟ್ಟಿ, ಗಾಳಿ ಬಿಡುವ ವಾಲ್ವ್ ತಿರುಗಿಸಿದಂತೆ ಬೆರಳು ತಿರುಗಿಸಿ. ಬಗ್ಗಿ ಪಾದ ಮುಟ್ಟಿ. ಎಲ್ಲಾದರೂ ಬಟ್ಟೆ ಹಿಡಿದರೆ, ಬಿಗಿದರೆ ಒಂದು ಪದರ ಕಡಿಮೆ ಮಾಡಿ ಅಥವಾ ಒಂದು ಅಳತೆ ದೊಡ್ಡದು ತನ್ನಿ. ಬಿಗಿದ ಜಾಗದಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದ ಜಾಗದಲ್ಲಿ ಶಾಖ ಇಲ್ಲ.

ಏಪ್ರಿಲ್-ಮೇನಲ್ಲಿ ಈ ಕೆಲಸ ಮಾಡುವುದಾದರೆ ಬೆಳಗ್ಗೆ ಬೇಗ ಮಾಡಿ, ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ನಮ್ಮ ಸೆಕೆಯಲ್ಲಿ ತಲೆ ಸುತ್ತುತ್ತದೆ.

ಬಟ್ಟೆ ಹೆಚ್ಚಿದರೆ ಸೀಸವೂ ಹೆಚ್ಚುತ್ತದೆ

ಪದರ ಹೆಚ್ಚಿದಷ್ಟೂ ಒಳಗೆ ಗಾಳಿ ಹೆಚ್ಚು, ತೇಲುವುದೂ ಹೆಚ್ಚು. ತೇಲದೆ ಮುಳುಗಲು ಗೋವಾದಲ್ಲಿ ಕಟ್ಟಿದ ಸೀಸದ ತೂಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೇ ಬಟ್ಟೆ, ಅದೇ ಸೂಟ್ ಹಾಕಿಕೊಂಡೇ ಮೊದಲ ದಿನ ತೂಕ ಸರಿಹೊಂದಿಸಿಕೊಳ್ಳಿ, ಸಿಲಿಂಡರ್ ಬಹುತೇಕ ಖಾಲಿಯಾದಾಗಲೂ ನೀರೊಳಗೆ ನಿಲ್ಲಲು ಆಗುವಷ್ಟು. ಸಿಲ್ಫ್ರಾದ್ದು ಸಿಹಿನೀರು, ಸಮುದ್ರಕ್ಕಿಂತ 2-3 ಕೆಜಿ ಕಡಿಮೆ ಸಾಕಾಗುತ್ತದೆ. ಮರುದಿನ ಒಂದು ವೆಸ್ಟ್ ಸೇರಿಸಿದರೂ ಮತ್ತೆ ಪರೀಕ್ಷಿಸಿ.

ಸೀಸ ಕಡಿಮೆ ಕಟ್ಟುವ ಆಸೆಗೆ ಕೆಲವರು ಸೂಟಿಗೆ ಗಾಳಿಯನ್ನೇ ಬಿಡದೆ ಹಿಂಡಿಸಿಕೊಂಡು ಇಳಿಯುತ್ತಾರೆ. ಆಮೇಲೆ ಬಟ್ಟೆ ಸರಿಯಿಲ್ಲ ಅನ್ನುತ್ತಾರೆ. ಬಟ್ಟೆಯೊಳಗೆ ಗಾಳಿಗೆ ಜಾಗವೇ ಇಲ್ಲದಿದ್ದರೆ ಐವತ್ತು ಸಾವಿರದ ಅಂಡರ್‌ಸೂಟ್ ಕೂಡ ಕೈಕೊಡುತ್ತದೆ. ಹಾಗಂತ ಬಲೂನಿನಂತೆ ಉಬ್ಬಿಸುವುದೂ ತಪ್ಪು, ಗಾಳಿ ಪಾದಕ್ಕೆ ಓಡಿ ತಲೆಕೆಳಗಾಗುತ್ತೀರಿ. ಹಿಂಡುವುದು ನಿಲ್ಲುವಷ್ಟು ಬಿಟ್ಟುಕೊಳ್ಳಿ. ಇದು ತರಬೇತಿಯಲ್ಲಿ ಕೈಗೆ ಬರುವ ವಿದ್ಯೆ.

ಡೈವ್ ದಿನ, ಆಮೇಲೆ ಮನೆಯಲ್ಲಿ

ಹೋಟೆಲಿನಿಂದಲೇ ಎಲ್ಲ ತೊಟ್ಟು ಹೊರಡಬೇಡಿ. ಹೀಟರ್ ಹಾಕಿದ ವ್ಯಾನಿನಲ್ಲಿ ಬೆವರಿ, ನೀರಿಗೆ ಇಳಿಯುವ ಮೊದಲೇ ಇನ್ನರ್ ಒದ್ದೆಯಾಗಿರುತ್ತದೆ. ಇನ್ನರ್ ಮೇಲೆ ಸಾದಾ ಬಟ್ಟೆ ಹಾಕಿಕೊಂಡು ಹೋಗಿ, ಫ್ಲೀಸ್ ಅಲ್ಲೇ ತೊಡಿ, ಸೂಟಿನ ಜಿಪ್ ಕೊನೆಗೆ ಎಳೆಯಿರಿ. ಹೊಟ್ಟೆಗೆ ಬಿಸಿಯಾದದ್ದು ಏನಾದರೂ ತಿಂದಿರಲಿ. ಶೌಚಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ಇರಬೇಡಿ. ಮುಗಿಸಿ ಬಂದ ತಕ್ಷಣ ಒಣ ಇನ್ನರ್ ಬದಲಿಸಿ. ಎರಡನೇ ಜೊತೆ ತನ್ನಿ ಅಂದದ್ದು ಇದಕ್ಕೇ.

ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದು ಎಳೆಗಳ ಮೇಲೆ ಪದರ ಕಟ್ಟಿ ಬೆವರು ದಾಟಿಸುವ ಗುಣ ಕೆಡಿಸುತ್ತದೆ. ತಣ್ಣೀರು, ಸ್ವಲ್ಪ ಸೋಪು. ಮೆರಿನೊವನ್ನು ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ನೇತುಹಾಕಿದರೆ ಜೋಲುತ್ತದೆ. ಮುಂಬೈ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಪೊಟ್ಟಣ ಹಾಕಿ ಇಡಿ, ಉಣ್ಣೆ ಇದ್ದರೆ ಒಣ ಬೇವಿನೆಲೆ ಸೇರಿಸಿ. ಫ್ಲೀಸನ್ನು ಒತ್ತಿ ತುಂಬಬೇಡಿ, ಗಾಳಿ ತೆಗೆದು ಕುಗ್ಗಿಸುವ ವ್ಯಾಕ್ಯೂಮ್ ಚೀಲದಲ್ಲಂತೂ ತಿಂಗಳುಗಟ್ಟಲೆ ಇಡಲೇಬೇಡಿ. ಮುಂದಿನ ಪ್ರವಾಸದ ಮೊದಲು ಒಂದು ದಿನ ಬಿಡಿಸಿ ಹರವಿ, ಮತ್ತೆ ಬಾಟ್ಲಿ ಇಟ್ಟು ನೋಡಿ. ಗುರುತು ಮಾಯವಾಗದಿದ್ದರೆ ಆ ಫ್ಲೀಸ್ ಚಾರಣಕ್ಕೆ ಬಿಟ್ಟು, ಸೂಟಿಗೆ ಹೊಸದು ತನ್ನಿ.